ಕೊಡಗಿನ ಮಳೆಗೆ ಎಮಲ್ಷನ್ ಪೇಂಟ್ ತಡೆಯಬೇಕಾದರೆ: ಬಿರುಕು ಮುಚ್ಚುವುದರಿಂದ ಕೊನೇ ಕೋಟ್‌ವರೆಗೆ

ಮೇ ತಿಂಗಳಲ್ಲಿ ಬಳಿದ ಪೇಂಟು ಆಗಸ್ಟ್ ಹೊತ್ತಿಗೆ ಗುಳ್ಳೆ ಏಳುತ್ತದೆ. ಮಳೆ ನಿಂತ ಮೇಲೆ ನೋಡಿದರೆ ಹಾಳೆ ಹಾಳೆಯಾಗಿ ಕೈಗೆ ಬರುತ್ತದೆ. ಮಡಿಕೇರಿ, ನಾಪೋಕ್ಲು, ಭಾಗಮಂಡಲ ಕಡೆ ಇದು ಎಷ್ಟು ಮಾಮೂಲಿ ಆಗಿಬಿಟ್ಟಿದೆ ಅಂದರೆ, ಎರಡು ವರ್ಷಕ್ಕೊಮ್ಮೆ ಹೊರಗೋಡೆಗೆ ಪೇಂಟ್ ಮಾಡಿಸಲೇಬೇಕು ಅಂತ ಜನ ಒಪ್ಪಿಕೊಂಡಿದ್ದಾರೆ. ಒಪ್ಪಿಕೊಳ್ಳಬೇಡಿ. ಜಾಸ್ತಿ ಬೆಲೆಯ ಡಬ್ಬ ತಂದವರ ಗೋಡೆಯೂ ಹೀಗೇ ಆಗಿದೆ. ಎಡವಟ್ಟು ಆಗುವುದು ಹೆಚ್ಚಾಗಿ ಕೆಲಸದ ಕ್ರಮದಲ್ಲಿ.

ಈ ಬರಹ ಸಿಮೆಂಟ್ ಸಾರಣೆಯ ಹೊರಗೋಡೆಗೆ. ಹಳೇ ಐನ್‌ಮನೆಯ (ಕೊಡವರ ಕುಟುಂಬದ ಮೂಲ ಮನೆ) ಮಣ್ಣಿನ ಗೋಡೆ, ಸುಣ್ಣದ ಗಾರೆಯ ಗೋಡೆ ನಿಮ್ಮದಾಗಿದ್ದರೆ ದಯವಿಟ್ಟು ಎಮಲ್ಷನ್ ಬಳಿಯಬೇಡಿ. ಆ ಗೋಡೆ ನೀರು ಕುಡಿದು ಮತ್ತೆ ಹೊರಗೆ ಬಿಡುತ್ತಾ ಬದುಕಿದೆ. ಅದರ ಮೇಲೆ ಪ್ಲಾಸ್ಟಿಕ್ ಪೊರೆ ಕಟ್ಟಿದರೆ ನೀರು ಒಳಗೇ ಉಳಿದು ಗಾರೆ ಪುಡಿಯಾಗುತ್ತದೆ. ಅದಕ್ಕೆ ಸುಣ್ಣವೇ ಸರಿ.

## ಶುರು ಮಾಡುವ ಮುಂಚೆ ಇಷ್ಟು ಗೊತ್ತಿರಲಿ

ಎಮಲ್ಷನ್ ಪೇಂಟ್, ಬಿರುಕು ಮುಚ್ಚಲು ಸಿಮೆಂಟಿಗೆ ಬೆರೆಸುವ ಲೇಟೆಕ್ಸ್, ಮರಕ್ಕೆ ಹಚ್ಚುವ ಬಿಳಿ ಗೋಂದು, ಈ ಮೂರೂ ಒಂದೇ ಜಾತಿಯವು. ನೀರಿನಲ್ಲಿ ಪಾಲಿಮರ್ ಕಣಗಳು ಹರಡಿಕೊಂಡು ನಿಂತಿರುತ್ತವೆ. ಕರಗಿರುವುದಿಲ್ಲ. ಒಂದೊಂದು ಕಣ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು. ಬೆಳಕು ಇವುಗಳಿಗೆ ತಾಗಿ ಚದುರುವುದರಿಂದಲೇ ಹಾಲಿನ ಬಣ್ಣ. ಬಣ್ಣದ ಪುಡಿ ಸೇರಿಸದ ಬರೀ ಬೈಂಡರ್‌ನಲ್ಲಿ, ಅಂದರೆ ಪುಡಿಯನ್ನು ಹಿಡಿದಿಡುವ ಈ ಹಾಲಿನಲ್ಲಿ, ಸಾಮಾನ್ಯವಾಗಿ ತೂಕದ ಶೇಕಡಾ 40ರಿಂದ 60ರಷ್ಟು ಪಾಲಿಮರ್, ಉಳಿದದ್ದು ಹೆಚ್ಚುಕಡಿಮೆ ನೀರೇ.

ಗೋಡೆಗೆ ಬಳಿದ ಮೇಲೆ ಮೊದಲು ನೀರು ಹೋಗುತ್ತದೆ. ಕಣಗಳು ಹತ್ತಿರ ಬಂದು ಒತ್ತಾಗಿ ಕೂರುತ್ತವೆ. ಆಮೇಲೆ ಚಪ್ಪಟೆಯಾಗಿ, ಒಂದಕ್ಕೊಂದು ಬೆಸೆದು, ಒಂದೇ ಪೊರೆ ಆಗುತ್ತವೆ. ಈ ಕೊನೇ ಕೆಲಸಕ್ಕೆ ಒಂದು ಮಟ್ಟದ ಬಿಸಿ ಬೇಕು, ಹೊತ್ತೂ ಬೇಕು. ಬೆರಳಿಗೆ ಅಂಟದಿದ್ದರೆ ಪೇಂಟ್ ಒಣಗಿತು ಅನ್ನುತ್ತೇವೆ ಅಲ್ವಾ? ಅಷ್ಟೊತ್ತಿಗೆ ಪೊರೆ ಇನ್ನೂ ಕೂಡಿರುವುದಿಲ್ಲ. ಒಮ್ಮೆ ಸರಿಯಾಗಿ ಕೂಡಿದ ಪೊರೆ ಮತ್ತೆ ನೀರಿನಲ್ಲಿ ಹಾಲಾಗುವುದಿಲ್ಲ. ಅರ್ಧಂಬರ್ಧ ಕೂಡಿದ್ದು ಮಳೆಗೆ ತೊಳೆದುಹೋಗುತ್ತದೆ.

ಇನ್ನೊಂದು ವಿಷಯ. ಈ ಹಾಲು ಒಡೆಯುತ್ತದೆ. ಸಂಪಾಜೆ ಕಡೆ ರಬ್ಬರ್ ತೋಟ ಇದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ರಬ್ಬರ್ ಹಾಲಿಗೆ ಫಾರ್ಮಿಕ್ ಆಸಿಡ್ ಬಿದ್ದರೆ ಹೆಪ್ಪುಗಟ್ಟಿ ಹಾಳೆ ಒತ್ತುವ ಹದಕ್ಕೆ ಬರುತ್ತದೆ. ಪೇಂಟ್ ಡಬ್ಬದಲ್ಲಿರುವುದು ಕಾರ್ಖಾನೆಯಲ್ಲಿ ಮಾಡಿದ ಅಂಥದ್ದೇ ಹಾಲು. ಸುಣ್ಣ, ಮೈಲುತುತ್ತ, ಆಸಿಡ್ ಬಿದ್ದರೆ ಅದೂ ಮೊಸರಾಗಬಹುದು. ಹಂತ 8ರಲ್ಲಿ ಇದು ಕೆಲಸಕ್ಕೆ ಬರುತ್ತದೆ.

## ಹಂತ 1: ಕಿತ್ತು ಬಂದ ಹಳೇ ಪೇಂಟಿನ ಹಿಂಬದಿ ನೋಡಿ

ಕೆರೆಯಲು ಶುರು ಮಾಡುವ ಮುಂಚೆ ಗೋಡೆಯ ನಾಲ್ಕೈದು ಕಡೆಯಿಂದ ಅಂಗೈ ಅಗಲದ ಸಿಪ್ಪೆ ತೆಗೆಯಿರಿ. ತಿರುಗಿಸಿ ಹಿಂಬದಿ ನೋಡಿ. ಹೆಚ್ಚಿನವರು ಈ ಕೆಲಸ ಮಾಡುವುದೇ ಇಲ್ಲ. ಆದರೆ ಗೋಡೆಯ ಕಾಯಿಲೆ ಏನು ಅಂತ ಇಲ್ಲೇ ತಿಳಿಯುತ್ತದೆ.

ಹಿಂಬದಿಗೆ ಹಳೇ ಬಣ್ಣದ ಪುಡಿ ಹಿಟ್ಟಿನ ಹಾಗೆ ಮೆತ್ತಿಕೊಂಡಿದ್ದರೆ, ಹಿಂದಿನ ಸಲ ಹಳೇ ಸುಣ್ಣವನ್ನೋ ಡಿಸ್ಟೆಂಪರನ್ನೋ ಸರಿಯಾಗಿ ತೆಗೆಯದೆ ಮೇಲೆ ಬಳಿದಿದ್ದಾರೆ. ಪೇಂಟು ಪುಡಿಯನ್ನು ಹಿಡಿದುಕೊಂಡಿತು, ಪುಡಿ ಗೋಡೆಯನ್ನು ಹಿಡಿದುಕೊಳ್ಳಲಿಲ್ಲ.

ಸಿಪ್ಪೆಯ ಜೊತೆ ಮರಳು, ಸಿಮೆಂಟು ಕಿತ್ತು ಬಂದರೆ ಸಾರಣೆಯೇ ದುರ್ಬಲ. ಆ ಜಾಗ ಒಡೆದು ಹೊಸದಾಗಿ ಸಾರಣೆ ಮಾಡಿಸಬೇಕು, ಬೇರೆ ದಾರಿ ಇಲ್ಲ.

ಬಿಳಿ ಹರಳು ಕಂಡರೆ ಉಪ್ಪು ಬಂದಿದೆ. ಗೋಡೆಯ ಒಳಗಿನಿಂದ ನೀರು ಹೊರಗೆ ಬರುವಾಗ ಉಪ್ಪನ್ನು ಹೊತ್ತು ತರುತ್ತದೆ. ನೀರು ಆರಿ ಉಪ್ಪು ಹರಳಾಗಿ ಪೇಂಟನ್ನು ಮೇಲಕ್ಕೆ ತಳ್ಳುತ್ತದೆ.

ಹಿಂಬದಿ ನುಣ್ಣಗೆ, ಚೊಕ್ಕಟವಾಗಿದ್ದು ಗುಳ್ಳೆಯೊಳಗೆ ಒದ್ದೆ ಇದ್ದರೆ, ಒದ್ದೆ ಗೋಡೆಗೇ ಬಳಿದಿದ್ದಾರೆ. ಇಲ್ಲಾ ಹಿಂದಿನಿಂದ ಈಗಲೂ ನೀರು ಬರುತ್ತಿದೆ.

## ಹಂತ 2: ನೀರಿನ ದಾರಿ ಮುಚ್ಚಿ

ಪೇಂಟು ಎದುರಿನಿಂದ ಬಡಿಯುವ ಮಳೆಯನ್ನು ತಡೆಯುತ್ತದೆ. ಹಿಂದಿನಿಂದ ಬರುವ ನೀರನ್ನು ತಡೆಯುವುದು ಅದರ ಕೈಲಾಗದ ಕೆಲಸ.

ನೋಡಬೇಕಾದ ಜಾಗಗಳು ಇವು. ಮಾಡಿನ ದೋಣಿ ತುಂಬಿ ಗೋಡೆ ಮೇಲೆ ಸುರಿಯುತ್ತಿದೆಯಾ? ಕಸ, ಎಲೆ ಕಟ್ಟಿಕೊಂಡಿದೆಯಾ? ಪ್ಯಾರಾಪೆಟ್ ಗೋಡೆಯ ತಲೆ ಬಿರಿದಿದೆಯಾ? ಸಜ್ಜಾ ಅಡಿಯಲ್ಲಿ ನೀರು ಕತ್ತರಿಸಿ ಬೀಳುವ ಗೀರು ಇದೆಯಾ, ಇಲ್ಲಾ ನೀರು ಅಡಿಯಲ್ಲೇ ಹರಿದು ಗೋಡೆಗೆ ಬರುತ್ತದೆಯಾ? ಕಿಟಕಿಯ ಕೆಳಗಿನ ಎರಡು ಮೂಲೆಗಳಲ್ಲಿ ಮಾತ್ರ ಪೇಂಟ್ ಹೋಗಿದ್ದರೆ ನೀರು ನುಗ್ಗುತ್ತಿರುವುದು ಚೌಕಟ್ಟು ಮತ್ತು ಗೋಡೆಯ ಸಂದಿಯಿಂದ.

ನಮ್ಮಲ್ಲಿ ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಕಟ್ಟಿದ ಮನೆಗಳು ಜಾಸ್ತಿ. ಹಿಂದಿನ ಗೋಡೆಗೆ ಮಣ್ಣು ತಾಗಿಕೊಂಡಿದ್ದರೆ, ಇಲ್ಲಾ ಬರೆಯ ನೀರು ಅಡಿಪಾಯದ ಹತ್ತಿರವೇ ನಿಲ್ಲುತ್ತಿದ್ದರೆ, ಮೊದಲು ಅಲ್ಲೊಂದು ಚರಂಡಿ ತೆಗೆಸಿ ನೀರನ್ನು ದೂರ ಬಿಡಿ. ಅದು ಮಾಡದೆ ಗೋಡೆಗೆ ಖರ್ಚು ಮಾಡಿದ ಹಣ ನೀರು ಪಾಲು. ನೆಲದಿಂದ ಒಂದೆರಡು ಅಡಿವರೆಗೆ ಮಾತ್ರ ಹಾಳಾಗಿದ್ದರೆ ಅಂಗಳದ ಮಳೆ ಹನಿ ಸಿಡಿದು ಬಡಿಯುತ್ತಿರಬಹುದು, ಇಲ್ಲಾ ನೆಲದ ತೇವ ಮೇಲೆ ಏರುತ್ತಿರಬಹುದು. ಸಿಡಿಯುವುದಾದರೆ ಮಾಡಿನ ನೀರು ಬೀಳುವ ಜಾಗಕ್ಕೆ ಜಲ್ಲಿ ಹಾಕಿದರೂ ಎಷ್ಟೋ ಕಡಿಮೆಯಾಗುತ್ತದೆ.

## ಹಂತ 3: ತಿಂಗಳು, ದಿನ, ಗಂಟೆ ಆರಿಸಿ

ಹೆಚ್ಚಿನ ಪೇಂಟುಗಳು ಹಾಳಾಗುವುದು ಇಲ್ಲೇ. ನಮ್ಮ ಕಡೆ ಲೆಕ್ಕ ಹೇಗಿರುತ್ತದೆ ನೋಡಿ. ಹುತ್ತರಿ ಕಳೆದರೆ ಕಾಫಿ ಕುಯ್ಲು. ಅರೇಬಿಕಾ ಮುಗಿಯುವ ಹೊತ್ತಿಗೆ ರೊಬಸ್ಟಾ. ಮಾರ್ಚ್‌ವರೆಗೆ ಯಾರಿಗೂ ಪುರುಸೊತ್ತಿಲ್ಲ, ಕೈಯಲ್ಲಿ ದುಡ್ಡು ಬರುವುದೂ ಆಮೇಲೆಯೇ. ಏಪ್ರಿಲ್‌ನಲ್ಲಿ ಪೇಂಟರ್ ಹುಡುಕುತ್ತಾರೆ, ಮೇ ತಿಂಗಳಲ್ಲಿ ಆತ ಸಿಗುತ್ತಾನೆ. ಆಗ ಮಧ್ಯಾಹ್ನ ಗುಡುಗು ಮಳೆ ಶುರುವಾಗಿರುತ್ತದೆ. ಎರಡನೇ ಕೋಟ್ ಮುಗಿದು ಸ್ವಲ್ಪ ದಿನಕ್ಕೇ ಮುಂಗಾರು. ಪೊರೆ ಕೂಡಲು ಪುರುಸೊತ್ತೇ ಸಿಗುವುದಿಲ್ಲ.

ಮಳೆಗಾಲ ಮುಗಿದ ಕೂಡಲೇ ಮಾಡೋಣ ಅನ್ನುವವರೂ ಇದ್ದಾರೆ. ಕಾವೇರಿ ಸಂಕ್ರಮಣದ ಹೊತ್ತಿಗೆ ಆಕಾಶ ತಿಳಿಯಾಗಿ ಕಂಡರೂ ಗೋಡೆ ಜೂನ್‌ನಿಂದ ಕುಡಿದ ನೀರನ್ನು ಇನ್ನೂ ಇಟ್ಟುಕೊಂಡಿರುತ್ತದೆ. ಮೇಲಿಂದ ಹಿಂಗಾರು ಮಳೆ ಬೇರೆ.

ನನ್ನ ಮಟ್ಟಿಗೆ ಸರಿಯಾದ ಕಾಲ ಡಿಸೆಂಬರ್ ಕೊನೆಯಿಂದ ಮಾರ್ಚ್ ಮೊದಲ ಭಾಗ. ಕಾಫಿ ಹೂ ಅರಳಿಸುವ ಹೂಮಳೆ ಬರುವ ಮುಂಚೆ ಮುಗಿಸಿಬಿಡಿ. ಕುಯ್ಲಿನ ಮಧ್ಯೆ ಕಷ್ಟ ಹೌದು. ಹಾಗಾಗಿ ಇಡೀ ಮನೆ ಒಟ್ಟಿಗೆ ಹಿಡಿಯುವ ಬದಲು ಮಳೆ ಬಡಿಯುವ ಪಡುವಣ ಮತ್ತು ನೈಋತ್ಯದ ಗೋಡೆಗಳನ್ನಷ್ಟೇ ಈ ಅವಧಿಯಲ್ಲಿ ಮಾಡಿಸಿ. ಮಾಡಿನ ಅಡಿಯ, ಜಗಲಿಯ ಗೋಡೆಗಳು ಏಪ್ರಿಲ್‌ಗೆ ಕಾಯಬಲ್ಲವು. ಕುಶಾಲನಗರ ಕಡೆಯವರಿಗೆ ಇಷ್ಟು ಬಿಗಿ ಇಲ್ಲ, ಅಲ್ಲಿ ಮಳೆಯೂ ಕಡಿಮೆ, ಗೋಡೆಯೂ ಬೇಗ ಆರುತ್ತದೆ.

ಈಗ ಗಂಟೆ. ಚಳಿಗಾಲದಲ್ಲಿ ಇನ್ನೊಂದು ತೊಂದರೆ ಇದೆ: ಮಂಜು, ಇಬ್ಬನಿ. ಕೆಲವು ನೂರು ರೂಪಾಯಿಗೆ ಸಿಗುವ ತಾಪಮಾನ–ತೇವಾಂಶ ತೋರಿಸುವ ಚಿಕ್ಕ ಡಿಜಿಟಲ್ ಮೀಟರ್ ಒಂದು ತಂದಿಡಿ. ತೇವಾಂಶ ಶೇಕಡಾ 85 ದಾಟಿದ್ದರೆ ಬ್ರಷ್ ಮುಟ್ಟಬೇಡಿ. ತಾಪಮಾನ 10 ಡಿಗ್ರಿಗಿಂತ ಕೆಳಗಿದ್ದರೂ ಬೇಡ. ಗೋಡೆಯ ಬಿಸಿ, ಇಬ್ಬನಿ ಕೂರುವ ಮಟ್ಟಕ್ಕಿಂತ ಕಡೇಪಕ್ಷ 3 ಡಿಗ್ರಿ ಮೇಲಿರಬೇಕು. ಉದಾಹರಣೆಗೆ ಗಾಳಿ 20 ಡಿಗ್ರಿ, ತೇವಾಂಶ 85 ಇದ್ದಾಗ ಗೋಡೆ ಸುಮಾರು 17.5 ಡಿಗ್ರಿಗೆ ಇಳಿದರೆ ಸಾಕು, ಅದರ ಮೇಲೆ ನೀರು ಕೂರುತ್ತದೆ. ಅದೇ 20 ಡಿಗ್ರಿಯಲ್ಲಿ ತೇವಾಂಶ 70 ಇದ್ದರೆ ಗೋಡೆ 14.5ರ ಹತ್ತಿರ ಇಳಿಯಬೇಕು. ಅಷ್ಟು ಅಂತರ ನಿಮ್ಮ ಕೈಯಲ್ಲಿದ್ದರೆ ನೆಮ್ಮದಿಯಿಂದ ಕೆಲಸ ಮಾಡಬಹುದು.

ಲೆಕ್ಕ ಬೇಡ ಅನ್ನುವವರಿಗೆ ಸುಲಭ ನಿಯಮ: ಮಂಜು ಕರಗಿ, ಗೋಡೆ ಮುಟ್ಟಿದರೆ ತಣ್ಣಗಿಲ್ಲ ಅನಿಸಿದ ಮೇಲೆ ಶುರು. ಮಧ್ಯಾಹ್ನ 2 ಗಂಟೆಗೆ ಬ್ರಷ್ ಕೆಳಗೆ. ಪೇಂಟರ್‌ಗೆ ಇದು ಇಷ್ಟವಾಗುವುದಿಲ್ಲ, ದಿನಗೂಲಿ ಲೆಕ್ಕದಲ್ಲಿ ನಿಮಗೂ ಕೈ ಕಚ್ಚುತ್ತದೆ. ಆದರೂ ಬಿಟ್ಟುಕೊಡಬೇಡಿ. ಬೆಳಗಿನ ಹೊತ್ತು ಕೆರೆಯುವುದು, ತಿಕ್ಕುವುದು, ಕಿಟಕಿ ಮುಚ್ಚುವುದು ಇಂಥ ಕೆಲಸ ಕೊಡಿ.

## ಬೇಕಾದ ಸಾಮಾನು

ವೈರ್ ಬ್ರಷ್, ಕೆರೆಯುವ ಪಟ್ಟಿ, ಸ್ಯಾಂಡ್ ಪೇಪರ್. ಬ್ಲೀಚಿಂಗ್ ಪೌಡರ್, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ದಪ್ಪ ಪ್ಲಾಸ್ಟಿಕ್ ಹಾಳೆ ಮತ್ತು ಅಗಲದ ಟೇಪ್. ಕರಣೆ, 4 ಇಂಚಿನ ಬ್ರಷ್, ರೋಲರ್. ಅಳತೆ ಗೆರೆ ಇರುವ ಜಗ್ಗು. ಸೋಸಲು ಹಳೇ ನೈಲಾನ್ ಬಟ್ಟೆ. ಹೊಸ ಬಕೆಟ್ ಎರಡು.

ಬಕೆಟ್ ಹೊಸದೇ ಯಾಕೆ ಅಂದರೆ, ತೋಟದ ಮನೆಯಲ್ಲಿ ಕೈಗೆ ಸಿಗುವುದು ಬೋರ್ಡೋ (ಗಿಡಕ್ಕೆ ಹೊಡೆಯುವ ಮೈಲುತುತ್ತ–ಸುಣ್ಣದ ಮದ್ದು) ಕಲಸಿದ ಬಕೆಟ್. ಅದರ ಗೋಡೆಗೆ ಮೈಲುತುತ್ತ, ಸುಣ್ಣ ಮೆತ್ತಿಕೊಂಡಿರುತ್ತದೆ. ತೊಳೆದರೂ ಪೂರ್ತಿ ಹೋಗುವುದಿಲ್ಲ. ಪ್ರೈಮರ್ ಸಿಂಪಡಿಸಲು ಬೋರ್ಡೋ ಹೊಡೆದ ಸ್ಪ್ರೇಯರ್ ಕೂಡ ಬೇಡ.

## ಹಂತ 4: ಕೆರೆದು, ಪಾಚಿ ಕೊಂದು, ತೊಳೆಯಿರಿ

ಸಡಿಲ ಇದ್ದದ್ದೆಲ್ಲ ಬರಲಿ. ಗಟ್ಟಿಯಾಗಿ ಹಿಡಿದಿರುವ ಹಳೇ ಪೇಂಟನ್ನು ತೆಗೆಯಲೇಬೇಕು ಅಂತೇನೂ ಇಲ್ಲ, ಅಂಚನ್ನು ಮಾತ್ರ ಸ್ಯಾಂಡ್ ಪೇಪರ್‌ನಲ್ಲಿ ಸವೆಸಿ ಸಮ ಮಾಡಿ. ಉಪ್ಪು ಬಂದ ಜಾಗವನ್ನು ಒಣಗಿದ ಬ್ರಷ್‌ನಿಂದ ಉಜ್ಜಿ ಕೆಳಗೆ ಬೀಳಿಸಿ. ನೀರು ಹಾಕಿ ಒರೆಸಿದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ.

ಕಪ್ಪು, ಹಸಿರು ಪಾಚಿಯನ್ನು ಬರೀ ಕೆರೆದರೆ ಸಾಲದು. ಬೇರು ಹಾಗೇ ಉಳಿದು ಹೊಸ ಪೇಂಟಿನ ಅಡಿಯಿಂದ ಮತ್ತೆ ಬರುತ್ತದೆ. ಬ್ಲೀಚಿಂಗ್ ಪೌಡರನ್ನು ನೀರಿನಲ್ಲಿ ಕದಡಿ, ತಿಳಿ ನೀರನ್ನು ಬ್ರಷ್‌ನಿಂದ ಹಚ್ಚಿ. ಕಾಲು ಗಂಟೆ, ಇಪ್ಪತ್ತು ನಿಮಿಷ ಬಿಡಿ. ಆಮೇಲೆ ತಿಕ್ಕಿ, ಧಾರಾಳ ನೀರಿನಲ್ಲಿ ತೊಳೆಯಿರಿ. ಇದಕ್ಕೆ ಆಸಿಡ್ ಅಥವಾ ಬಾತ್‌ರೂಮ್ ಕ್ಲೀನರ್ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಬ್ಲೀಚ್ ಗೋಡೆಯಲ್ಲಿ ಉಳಿಯುವಂತಿಲ್ಲ, ಅದಕ್ಕೇ ತೊಳೆಯುವಾಗ ಜಿಪುಣತನ ಬೇಡ.

ಒಣಗಿದ ಮೇಲೆ ಕಪ್ಪು ಬಟ್ಟೆಯಿಂದ ಗೋಡೆ ಒರೆಸಿ. ಬಟ್ಟೆ ಬೆಳ್ಳಗಾದರೆ ಪುಡಿ ಇನ್ನೂ ಇದೆ. ಮತ್ತೆ ಉಜ್ಜಿ.

## ಹಂತ 5: ಗೋಡೆ ಒಣಗಿದೆಯಾ? ಕೇಳಬೇಡಿ, ಪರೀಕ್ಷೆ ಮಾಡಿ

ಕೈಯಿಂದ ಮುಟ್ಟಿ ಒಣಗಿದೆ ಅನ್ನುವುದು ಸಾಲದು. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಹಚ್ಚಿ. ಒಂದು ಪೂರ್ತಿ ಹಗಲು, ಒಂದು ರಾತ್ರಿ ಬಿಡಿ. ತೆಗೆದಾಗ ಹಾಳೆಯ ಒಳಗೆ ನೀರಿನ ಹನಿ ಕಂಡರೆ, ಇಲ್ಲಾ ಅಷ್ಟು ಚೌಕ ಮಾತ್ರ ಸುತ್ತಲಿಗಿಂತ ಕಪ್ಪಗೆ ಕಂಡರೆ, ಗೋಡೆ ಒಳಗೆ ಒದ್ದೆ. ಇನ್ನೂ ಕಾಯಿರಿ. ಮೂರು ಕಡೆ ಮಾಡಿ: ನೆಲದ ಹತ್ತಿರ, ಕಿಟಕಿ ಕೆಳಗೆ, ಮಳೆ ಬಡಿಯುವ ಗೋಡೆಯ ನಡುವೆ.

ಹೊಸ ಸಾರಣೆ ಆದರೆ ಒಣಗಿದ್ದರೂ ಕಡೇಪಕ್ಷ 28 ದಿನ ಬೇಕು. ಹಸಿ ಸಿಮೆಂಟಿನ ಪಿಎಚ್ 12–13ರ ಹತ್ತಿರ ಇರುತ್ತದೆ. ಅಷ್ಟು ಕ್ಷಾರ ಬಣ್ಣವನ್ನು ಮಂಕು ಮಾಡುತ್ತದೆ, ಕೆಲವು ಬೈಂಡರನ್ನೇ ಹಾಳು ಮಾಡುತ್ತದೆ. ಕೆಂಪು, ಹಳದಿ ಬಣ್ಣದಲ್ಲಿ ಮಾತ್ರ ಮಚ್ಚೆ ಮಚ್ಚೆಯಾಗಿ ಬಿಳಚಿಕೊಂಡಿದ್ದರೆ ಕಾರಣ ಇದೇ ಇರಬಹುದು.

## ಹಂತ 6: ಬಿರುಕು ಮುಚ್ಚುವುದು, ಲೇಟೆಕ್ಸ್ ಬೆರೆಸುವುದು

ಕೂದಲೆಳೆಯ ಬಿರುಕಿಗೆ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ಸಾಕು. ಬೇಸಿಗೆ, ಮಳೆಗಾಲಕ್ಕೆ ತೆರೆದು ಮುಚ್ಚುವ ಬಿರುಕಿಗೆ, ಅಂದರೆ ಗೋಡೆ ಮತ್ತು ಕಂಬ ಸೇರುವ ಕಡೆ, ಕಿಟಕಿ ಚೌಕಟ್ಟಿನ ಸುತ್ತ, ಎಳೆದರೆ ಹಿಗ್ಗುವ ಅಕ್ರಿಲಿಕ್ ಸೀಲೆಂಟ್ ಬೇಕು. ಅಲ್ಲಿ ಗಟ್ಟಿ ಸಿಮೆಂಟ್ ತುಂಬಿದರೆ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ.

ದೊಡ್ಡ ಬಿರುಕು, ಉದುರಿದ ಸಾರಣೆಗೆ ಸಿಮೆಂಟ್ ಗಾರೆಗೆ ಲೇಟೆಕ್ಸ್ ಸೇರಿಸಬೇಕು. ಅಂಗಡಿಯಲ್ಲಿ ಕೇಳುವಾಗ ಎಸ್‌ಬಿಆರ್ (ಒಂದು ಬಗೆಯ ಕೃತಕ ರಬ್ಬರ್) ಅಥವಾ ಅಕ್ರಿಲಿಕ್ ಅಂತ ಕೇಳಿ. ಮರಕ್ಕೆ ಹಾಕುವ ಬಿಳಿ ಗೋಂದನ್ನೇ ಸಿಮೆಂಟಿಗೋ ಸುಣ್ಣಕ್ಕೋ ಸೇರಿಸುವ ಅಭ್ಯಾಸ ಇದೆ. ಒಣ ಜಾಗದಲ್ಲಿ ಸ್ವಲ್ಪ ಕಾಲ ನಿಂತರೂ ನಿಲ್ಲಬಹುದು. ಮಳೆ ಬಡಿಯುವ ಗೋಡೆಯಲ್ಲಿ ನಿಲ್ಲುವುದಿಲ್ಲ. ಆ ಗೋಂದು ಪಾಲಿವಿನೈಲ್ ಅಸಿಟೇಟ್. ಕ್ಷಾರ ಮತ್ತು ನೀರು ಒಟ್ಟಿಗೆ ಸಿಕ್ಕರೆ ಅದು ಒಡೆದು, ನೀರಿಗೆ ಮೆತ್ತಗಾಗುವ ಬೇರೆ ವಸ್ತುವಾಗುತ್ತದೆ. ಸಿಮೆಂಟಿನಲ್ಲಿ ಕ್ಷಾರಕ್ಕೆ ಕೊರತೆ ಇಲ್ಲ, ಕೊಡಗಿನಲ್ಲಿ ನೀರಿಗೂ ಇಲ್ಲ.

ಕೆಲಸದ ಕ್ರಮ ಹೀಗಿರಲಿ. ಬಿರುಕನ್ನು ಒಳಗೆ ಕಿರಿದು, ಬಾಯಿ ಅಗಲ ಆಗುವ ಹಾಗೆ ಕೊರೆದು ಧೂಳು ತೆಗೆಯಿರಿ. ಆ ಜಾಗಕ್ಕೆ ನೀರು ಚಿಮುಕಿಸಿ ಒದ್ದೆ ಮಾಡಿ, ಆದರೆ ನೀರು ನಿಂತಿರಬಾರದು. ಲೇಟೆಕ್ಸ್, ನೀರು, ಸಿಮೆಂಟು ಸೇರಿಸಿ ಬ್ರಷ್‌ಗೆ ಬರುವ ಹದದ ತೆಳು ಗಂಜಿ ಮಾಡಿ ಹಚ್ಚಿ. ಪ್ರಮಾಣ ಒಂದೊಂದು ಕಂಪನಿಗೆ ಒಂದೊಂದು ಥರ ಇರುತ್ತದೆ, ಡಬ್ಬದ ಮೇಲಿರುವುದನ್ನೇ ಅಳೆದು ಹಾಕಿ. ಈ ಗಂಜಿ ಬೆರಳಿಗೆ ಅಂಟುತ್ತಿರುವಾಗಲೇ ಮೇಲಿನ ಗಾರೆ ಬೀಳಬೇಕು. ಗಂಜಿ ಹಚ್ಚಿ ಕಾಫಿ ಕುಡಿಯಲು ಹೋಗಿ ಬಂದರೆ ಅದು ಒಣಗಿ ಪೊರೆಯಾಗಿರುತ್ತದೆ. ಆಗ ಅದು ಅಂಟಿಸುವ ಬದಲು ಗಾರೆಯನ್ನು ಗೋಡೆಯಿಂದ ಬೇರೆಯಾಗಿಸುತ್ತದೆ. ಒಣಗಿಬಿಟ್ಟಿದ್ದರೆ ಕೆರೆದು ತೆಗೆದು ಮತ್ತೆ ಹಚ್ಚಬೇಕು.

ಗಾರೆಯನ್ನು ಜಾಸ್ತಿ ಹೊತ್ತು ಕಲಸಬೇಡಿ, ಎರಡು ಮೂರು ನಿಮಿಷ ಸಾಕು. ನೊರೆ ಬಂದರೆ ಗಾಳಿ ಒಳಗೆ ಸೇರಿ ಗಾರೆ ಪೊಳ್ಳಾಗುತ್ತದೆ.

ಈಗ ಮುಖ್ಯ ತಪ್ಪು. ಮೇಸ್ತ್ರಿ ಅಭ್ಯಾಸಬಲದಿಂದ ಏಳು ದಿನ ನೀರು ಹೊಡೆಯುತ್ತಾರೆ. ಬರೀ ಸಿಮೆಂಟಿಗೆ ಅದು ಸರಿ. ಲೇಟೆಕ್ಸ್ ಗಾರೆಗೆ ಒಂದೆರಡು ದಿನ ತೇವ ಇಟ್ಟು, ಆಮೇಲೆ ಗಾಳಿಗೆ ಆರಲು ಬಿಡಬೇಕು. ಸಿಮೆಂಟಿಗೆ ನೀರು ಬೇಕು, ಪಾಲಿಮರ್‌ಗೆ ನೀರು ಹೋಗಬೇಕು, ಎರಡಕ್ಕೂ ಸರದಿ ಕೊಡಬೇಕು. ಕೆಲಸ ಶುರುವಾಗುವ ದಿನವೇ ಮೇಸ್ತ್ರಿಗೆ ಇದನ್ನು ಹೇಳಿಬಿಡಿ.

ಪುಟ್ಟಿ ಬಗ್ಗೆ ಒಂದು ಮಾತು. ಮಾಮೂಲಿ ಅಕ್ರಿಲಿಕ್ ಪುಟ್ಟಿ ಮನೆಯ ಒಳಗಿಗೆ ಮಾತ್ರ. ಹೊರಗೆ ಬೇಕೇ ಬೇಕು ಅಂದರೆ ಬಿಳಿ ಸಿಮೆಂಟಿನ ಪುಟ್ಟಿ. ನನ್ನನ್ನು ಕೇಳಿದರೆ ಮಳೆ ಬಡಿಯುವ ಗೋಡೆಗೆ ಅದೂ ಬೇಡ. ನುಣುಪು ಕಡಿಮೆಯಾದರೂ ಪರವಾಗಿಲ್ಲ, ಪದರ ಕಡಿಮೆ ಇದ್ದಷ್ಟು ಕಿತ್ತು ಬರುವ ಜಾಗವೂ ಕಡಿಮೆ.

## ಹಂತ 7: ಪ್ರೈಮರ್

ಪ್ರೈಮರ್ ಬಿಟ್ಟು ಮೂರನೇ ಕೋಟ್ ಪೇಂಟ್ ಹಾಕೋಣ ಅನ್ನುವವರಿದ್ದಾರೆ. ಎರಡರ ಕೆಲಸ ಬೇರೆ. ಪೇಂಟಿನಲ್ಲಿ ಬಣ್ಣದ ಪುಡಿ ತುಂಬಿರುತ್ತದೆ, ಅದು ಮೇಲೇ ಕೂರುತ್ತದೆ. ಒಳ್ಳೆಯ ಪ್ರೈಮರ್ ಸಾರಣೆಯ ಒಳಗೆ ಇಳಿದು ಸಡಿಲ ಮರಳನ್ನು ಹಿಡಿಯುತ್ತದೆ, ಗೋಡೆ ಪೇಂಟಿನ ನೀರನ್ನು ಒಮ್ಮೆಲೇ ಹೀರಿಕೊಳ್ಳದ ಹಾಗೆ ತಡೆಯುತ್ತದೆ, ಕ್ಷಾರವನ್ನೂ ಸ್ವಲ್ಪ ದೂರ ಇಡುತ್ತದೆ.

ಹೊರಗೋಡೆಗೆ ಅಂತ ಬರೆದಿರುವ, ಕ್ಷಾರ ತಡೆಯುವ ಪ್ರೈಮರನ್ನೇ ತನ್ನಿ. ಎಷ್ಟು ಉಜ್ಜಿದರೂ ಸ್ವಲ್ಪ ಪುಡಿ ಬರುತ್ತಲೇ ಇರುವ ಗೋಡೆಗೆ ಮೊದಲು ಒಳಗೆ ಇಳಿಯುವ ತೆಳು ಸೀಲರ್ ಹಚ್ಚಿ. ಪ್ರೈಮರನ್ನು ರೋಲರ್‌ಗಿಂತ ಬ್ರಷ್‌ನಲ್ಲಿ ತಿಕ್ಕಿ ಹಚ್ಚಿದರೆ ಒಳ್ಳೆಯದು.

ಮುಂದೆ ಹೋಗುವ ಮುಂಚೆ ಟೇಪ್ ಪರೀಕ್ಷೆ ಮಾಡಿ. ಪ್ರೈಮರ್ ಚೆನ್ನಾಗಿ ಆರಿದ ಮರುದಿನ ಬ್ಲೇಡಿನಿಂದ ಗುಣಾಕಾರ ಚಿಹ್ನೆಯ ಹಾಗೆ ಎರಡು ಗೀರು ಹಾಕಿ. ಅದರ ಮೇಲೆ ಟೇಪ್ ಒತ್ತಿ ಹಚ್ಚಿ, ಒಂದೇ ಸಲಕ್ಕೆ ಎಳೆಯಿರಿ. ಗೀರಿನ ಪಕ್ಕದ ಪ್ರೈಮರ್ ಟೇಪಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಅದರ ಮೇಲೆ ಎಂಥ ಪೇಂಟ್ ಹಾಕಿದರೂ ಬೀಳುವುದೇ.

## ಹಂತ 8: ಪೇಂಟ್ ಕಲಸುವುದು

ಡಬ್ಬದ ತಳದವರೆಗೆ ಕೋಲು ಇಳಿಸಿ ನಿಧಾನ ಕಲಸಿ. ತಳದಲ್ಲಿ ಮೆತ್ತಗೆ ಕೂತಿದ್ದರೆ ಕಲಸಿದಾಗ ಸೇರಿಕೊಳ್ಳುತ್ತದೆ, ಅದು ಸಹಜ. ಹಿಟ್ಟಿನ ಕಾಳಿನ ಥರ ಗಂಟು ಉಳಿದರೆ, ನೀರು ಬೇರೆ ಮೊಸರು ಬೇರೆ ಆಗಿದ್ದರೆ ಹಾಲು ಒಡೆದಿದೆ. ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಬ್ಯಾಕ್ಟೀರಿಯಾ ಸೇರಿದೆ. ಇವೆರಡೂ ಸರಿಯಾಗುವ ಪೈಕಿ ಅಲ್ಲ, ಅಂಗಡಿಗೆ ವಾಪಸ್ ಕೊಡಿ.

ನೀರು ಎಷ್ಟು? ಡಬ್ಬದ ಮೇಲೆ ಬರೆದಷ್ಟು, ಜಗ್ಗಿನಲ್ಲಿ ಅಳೆದು. ಕಣ್ಣಂದಾಜು ಬೇಡ. ಈ ವಿಷಯದಲ್ಲಿ ಪೇಂಟರ್ ಜೊತೆ ಮುಲಾಜು ಇಟ್ಟುಕೊಳ್ಳಬೇಡಿ. ನೀರು ಜಾಸ್ತಿ ಹಾಕಿದರೆ ರೋಲರ್ ಸಲೀಸಾಗಿ ಓಡುತ್ತದೆ, ಒಂದು ಲೀಟರ್ ಇನ್ನಷ್ಟು ಅಗಲಕ್ಕೆ ಬರುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಗೋಡೆಯ ಒಂದು ಅಡಿಗೆ ಬೀಳುವ ಪಾಲಿಮರ್ ಕಡಿಮೆಯಾಗುತ್ತದೆ. ಪೊರೆ ತೆಳ್ಳಗಾಗಿ ತೂತು ಬೀಳುತ್ತದೆ. ಹೊರಗಿನ ಎಮಲ್ಷನ್ ಎರಡು ಕೋಟ್ ಸೇರಿ, ಸಿದ್ಧಪಡಿಸಿದ ಗೋಡೆಯಲ್ಲಿ ಲೀಟರಿಗೆ ಸುಮಾರು 50–60 ಚದರಡಿ ಬರುವುದು ಸಾಮಾನ್ಯ, ಒರಟು ಗೋಡೆಯಲ್ಲಿ ಇನ್ನೂ ಕಡಿಮೆ. ನಿಮ್ಮ ಡಬ್ಬದ ಮೇಲಿನ ಅಂಕಿ ನೋಡಿ, ಗೋಡೆ ಅಳೆದು ಲೆಕ್ಕ ಹಾಕಿ. ಲೆಕ್ಕಕ್ಕಿಂತ ಪೇಂಟ್ ತುಂಬಾ ಉಳಿದರೆ ಖುಷಿಪಡಬೇಡಿ. ಅದು ಗೋಡೆಯ ಮೇಲೆ ಇರಬೇಕಾಗಿದ್ದ ಪೇಂಟು.

ಸುಣ್ಣದ ತಿಳಿ, ಎನಾಮಲ್, ಥಿನ್ನರ್, ಸೀಮೆಎಣ್ಣೆ ಇದಕ್ಕೆ ಸೇರುವುದಿಲ್ಲ. ಬೇರೆ ಬೇರೆ ಕಂಪನಿಯ ಉಳಿಕೆ ಡಬ್ಬಗಳನ್ನು ಒಟ್ಟಿಗೆ ಸುರಿಯುವುದೂ ಬೇಡ. ಒಂದೇ ಬಣ್ಣದ ಹಲವು ಡಬ್ಬ ಇದ್ದರೆ ದೊಡ್ಡ ಬಕೆಟಿನಲ್ಲಿ ಬೆರೆಸಿಕೊಳ್ಳಿ, ಗೋಡೆಯಿಂದ ಗೋಡೆಗೆ ಛಾಯೆ ಬದಲಾಗುವುದು ತಪ್ಪುತ್ತದೆ.

## ಹಂತ 9: ಬಳಿಯುವುದು

ಮೇಲಿನಿಂದ ಕೆಳಗೆ. ಮೂಲೆಗಳಿಗೆ ಮೊದಲು ಬ್ರಷ್, ಆಮೇಲೆ ರೋಲರ್. ಒದ್ದೆ ಅಂಚು ಆರುವ ಮುಂಚೆ ಮುಂದಿನ ಪಟ್ಟೆ ಸೇರಬೇಕು, ಇಲ್ಲದಿದ್ದರೆ ಜೋಡಣೆಯ ಗೆರೆ ಕಾಣುತ್ತದೆ. ಒಂದು ಗೋಡೆ ಶುರು ಮಾಡಿದರೆ ಮೂಲೆಯಿಂದ ಮೂಲೆಗೆ ಮುಗಿಸಿ.

ಬಿಸಿಲು ನೇರ ಬಿದ್ದು ಸುಡುತ್ತಿರುವ ಗೋಡೆಗೂ ಹಚ್ಚಬೇಡಿ. ಮೇಲಿನ ಪದರ ತಕ್ಷಣ ಒಣಗಿ ಒಳಗಿನ ನೀರು ಸಿಕ್ಕಿಕೊಳ್ಳುತ್ತದೆ. ಬಿಸಿಲು ಒಂದು ಗೋಡೆ ಬಿಟ್ಟು ಇನ್ನೊಂದಕ್ಕೆ ಹೋದ ಮೇಲೆ, ಬಿಟ್ಟ ಗೋಡೆ ಇನ್ನೂ ಬೆಚ್ಚಗಿರುವಾಗ ಹಚ್ಚುವುದು ಒಳ್ಳೇ ಹೊತ್ತು.

ಡಬ್ಬದಲ್ಲಿ ನಾಲ್ಕಾರು ಗಂಟೆ ಬಿಟ್ಟು ಎರಡನೇ ಕೋಟ್ ಅಂತ ಬರೆದಿರುತ್ತದೆ. ಅದು ಬಯಲುಸೀಮೆಯ ಬೆಚ್ಚಗಿನ, ಒಣ ಗಾಳಿಯ ಲೆಕ್ಕ. ಇಲ್ಲಿ ಎರಡನೇ ಕೋಟನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಇಬ್ಬನಿ ಕೂತಿದ್ದರೆ ಅದು ಆರಿದ ಮೇಲೆ.

## ಹಂತ 10: ಮೊದಲ ವಾರ ಕಾವಲು ಕಾಯಿರಿ

ಮರುದಿನ ಬೆಳಿಗ್ಗೆ ಗೋಡೆಯ ಮೇಲೆ ನೀರು ಇಳಿದ ಹಾಗೆ ಉದ್ದುದ್ದ ಗೆರೆ ಕಾಣಬಹುದು. ಮುಟ್ಟಿದರೆ ಸೋಪಿನ ಹಾಗೆ ಜಾರುತ್ತದೆ, ಕೆಲವು ಸಲ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿರುತ್ತದೆ. ಜನ ಇದನ್ನು ನೋಡಿ ಪೇಂಟ್ ಕರಗಿಹೋಯಿತು ಅಂತ ಗಾಬರಿಯಾಗಿ ಮೇಲೆ ಇನ್ನೊಂದು ಕೋಟ್ ಹೊಡೆಸುತ್ತಾರೆ. ಹಾಗೆ ಮಾಡಬೇಡಿ. ಕಣಗಳು ಒಂದಕ್ಕೊಂದು ಅಂಟದ ಹಾಗೆ ಡಬ್ಬದಲ್ಲಿ ಸೋಪಿನಂಥ ವಸ್ತು ಹಾಕಿರುತ್ತಾರೆ. ಪೊರೆ ಕೂಡುವ ಮುಂಚೆ ಇಬ್ಬನಿ ಬಿದ್ದರೆ ಅದು ಮೇಲಕ್ಕೆ ಬರುತ್ತದೆ. ಕೆಲವು ದಿನ ಬಿಟ್ಟು ಬರೀ ನೀರಿನಲ್ಲಿ ಮೆಲ್ಲಗೆ ತೊಳೆದರೆ ಹೋಗುತ್ತದೆ. ಸಂಜೆ ಹೊತ್ತು ಬಳಿದ ಗೋಡೆಗಳಲ್ಲೇ ಇದು ಜಾಸ್ತಿ, ಮಧ್ಯಾಹ್ನ 2 ಗಂಟೆ ನಿಯಮ ಇದಕ್ಕೇ.

ಒಂದು ವಾರವಾದರೂ ಗೋಡೆಯನ್ನು ತೊಳೆಯಬೇಡಿ, ಉಜ್ಜಬೇಡಿ. ಅಕಾಲದ ಮಳೆ ಬರುವ ಹಾಗಿದ್ದರೆ ಮಾಡಿನಿಂದ ಟಾರ್ಪಾಲ್ ಇಳಿಬಿಡಿ. ಟಾರ್ಪಾಲ್ ಗೋಡೆಗೆ ತಾಗಬಾರದು, ಒಂದಡಿ ದೂರ ಇದ್ದು ಗಾಳಿ ಆಡಬೇಕು.

## ಬಾಗಿಲು, ಕಿಟಕಿಗೆ ಬಿಳಿ ಗೋಂದು ಹಚ್ಚುವಾಗ

ಪೇಂಟ್ ಕೆಲಸದ ಜೊತೆಗೇ ಬಿಟ್ಟುಕೊಂಡ ಕಿಟಕಿ ಜೋಡಣೆಗಳನ್ನೂ ಅಂಟಿಸುತ್ತಾರೆ, ಹಾಗಾಗಿ ಇದನ್ನೂ ಹೇಳುತ್ತೇನೆ. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿರುತ್ತದೆ. ಆಗ ಅಂಟಿಸಿದರೆ ಬೇಸಿಗೆಯಲ್ಲಿ ಮರ ಕುಗ್ಗಿ ಜೋಡಣೆ ಎಳೆದುಕೊಳ್ಳುತ್ತದೆ. ಇದಕ್ಕೂ ಒಣ ತಿಂಗಳೇ ಸರಿ. ಹೊರಗಿನ ಕಿಟಕಿಗೆ ಮಾಮೂಲಿ ಗೋಂದು ಬೇಡ, ನೀರು ತಡೆಯುವುದು ಅಂತ ಬರೆದಿರುವುದನ್ನು, ಡಿ3 ದರ್ಜೆ (ಗೋಂದು ನೀರು ತಡೆಯುವ ಶಕ್ತಿಯ ಗುರುತು) ಇದ್ದರೆ ಅದನ್ನು ಕೇಳಿ ತನ್ನಿ. ನೇರ ಮಳೆ ಬೀಳುವ ಕಡೆಗೆ ಅದೂ ಸಾಲದು.

ಹಳೇ ಗೋಂದನ್ನು ಪೂರ್ತಿ ಕೆರೆಯಿರಿ. ಒಣಗಿದ ಗೋಂದಿನ ಮೇಲೆ ಹೊಸ ಗೋಂದು ಹಿಡಿಯುವುದಿಲ್ಲ, ಅದಕ್ಕೆ ಮರದ ನಾರು ಬೇಕು. ತೇಗದಲ್ಲಿ ಎಣ್ಣೆ ಅಂಶ ಇರುವುದರಿಂದ ಹೊಸದಾಗಿ ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಅದು ಆರಿದ ಕೂಡಲೇ ಅಂಟಿಸಿ. ಹಚ್ಚಿದ ಕೆಲವೇ ನಿಮಿಷದಲ್ಲಿ ಜೋಡಿಸಿ ಕ್ಲ್ಯಾಂಪ್ ಬಿಗಿಯಿರಿ. ಅಂಚಿನಿಂದ ಸಣ್ಣ ಮಣಿಮಣಿಯಾಗಿ ಗೋಂದು ಹೊರಗೆ ಬಂದರೆ ಅಳತೆ ಸರಿ ಇದೆ. ಹೀಗೆ ಹೊರಗೆ ಬಂದದ್ದು ಒಣಗಿದಾಗ ಗಾಜಿನ ಥರ ತಿಳಿಯಾದರೆ ಪೊರೆ ಕೂಡಿದೆ ಅಂತ ಅರ್ಥ. ಸೀಮೆಸುಣ್ಣದ ಹಾಗೆ ಬೆಳ್ಳಗೆ, ಪುಡಿಪುಡಿಯಾಗಿ ಉಳಿದರೆ ಚಳಿ ಜಾಸ್ತಿ ಇತ್ತು, ಕಣಗಳು ಬೆಸೆಯಲಿಲ್ಲ. ಆ ಜೋಡಣೆ ಬಿಚ್ಚಿ, ಕೆರೆದು, ಬಿಸಿಲೇರಿದ ಮೇಲೆ ಮತ್ತೆ ಮಾಡಬೇಕು. ಮಡಿಕೇರಿಯ ಜನವರಿ ರಾತ್ರಿಯಲ್ಲಿ ಶೆಡ್ಡಿನಲ್ಲಿ ಬಿಟ್ಟ ಕೆಲಸಕ್ಕೆ ಹೀಗಾಗಬಹುದು, ಬಚ್ಚಲು ಒಲೆಯ ಪಕ್ಕದ ಕೋಣೆಯಲ್ಲಿಟ್ಟರೆ ತಪ್ಪುತ್ತದೆ.

## ಉಳಿದ ಪೇಂಟ್, ಬ್ರಷ್ ತೊಳೆದ ನೀರು

ನೀರು ಸೇರಿಸಿದ ಪೇಂಟನ್ನು ಡಬ್ಬಕ್ಕೆ ವಾಪಸ್ ಸುರಿಯಬೇಡಿ. ಡಬ್ಬದಲ್ಲಿ ಹಾಕಿರುವ, ಕೊಳೆಯದಂತೆ ತಡೆಯುವ ಮದ್ದು ಅಷ್ಟೇ ಪೇಂಟಿಗೆ ಅಳೆದು ಹಾಕಿದ್ದು. ಹೊಳೆ ನೀರು, ಬ್ರಷ್ ನೀರು ಬಿದ್ದರೆ ಅದು ಸಾಲದೆ ಪೇಂಟು ನಾರುತ್ತದೆ. ನೀರು ಸೇರಿಸದ ಉಳಿಕೆಯನ್ನು ಮುಚ್ಚಳ ಬಿಗಿಯಾಗಿ ಹಾಕಿ, ನೆರಳಿನಲ್ಲಿಡಿ. ಡಬ್ಬದ ಮೇಲೆ ಯಾವ ಗೋಡೆ, ಯಾವ ತಿಂಗಳು ಅಂತ ಬರೆದಿಟ್ಟರೆ ಮುಂದೆ ತೇಪೆ ಹಾಕಲು ಅನುಕೂಲ.

ಬ್ರಷ್, ರೋಲರನ್ನು ತೋಡಿನಲ್ಲಿ ಅದ್ದಿ ತೊಳೆಯುವುದನ್ನು ನಿಲ್ಲಿಸಬೇಕು. ನಮ್ಮ ತೋಡುಗಳಲ್ಲಿ ಹೆಚ್ಚಿನವು ಹೋಗಿ ಸೇರುವುದು ಕಾವೇರಿಗೆ. ಬಕೆಟಿನಲ್ಲಿ ತೊಳೆಯಿರಿ, ಆ ನೀರನ್ನು ಒಂದು ರಾತ್ರಿ ಬಿಟ್ಟರೆ ತಳದಲ್ಲಿ ಒಂದಷ್ಟು ಗಸಿ ಕೂರುತ್ತದೆ. ಮೇಲಿನ ನೀರನ್ನು ಬಾವಿ, ತೋಡಿನಿಂದ ದೂರ ಮಣ್ಣಿನ ಗುಂಡಿಗೆ ಹಾಕಿ. ಗಸಿಯನ್ನು ಹಳೇ ಪೇಪರ್ ಮೇಲೆ ಹರಡಿ ಒಣಗಿಸಿ, ಗಟ್ಟಿಯಾದ ಮೇಲೆ ಕಸಕ್ಕೆ ಕೊಡಿ. ಸುಡಬೇಡಿ.

ಮೊದಲ ಮಳೆಗಾಲ ಕಳೆದ ಮೇಲೆ ಅಕ್ಟೋಬರ್‌ನಲ್ಲಿ ಒಂದು ಸಲ ಗೋಡೆ ಸುತ್ತಿ ಬನ್ನಿ. ನಾಣ್ಯದಷ್ಟು ಗುಳ್ಳೆ ಕಂಡರೆ ಒಡೆದು ಹಿಂಬದಿ ನೋಡಿ, ಹಂತ 1ರ ಹಾಗೆಯೇ. ಕಿಟಕಿ ಮೂಲೆಯಲ್ಲಿ ಒಂದೆರಡು ಕಡೆ ಮಾತ್ರ ಇದ್ದರೆ ಸಂದಿ ಮುಚ್ಚಿ, ಡಿಸೆಂಬರ್ ಕೊನೆಯಲ್ಲಿ ಅಷ್ಟಕ್ಕೇ ಪ್ರೈಮರ್ ಮತ್ತು ಎರಡು ಕೋಟ್ ಹಾಕಿ. ಇಡೀ ಗೋಡೆಗೆ ಮತ್ತೆ ಬಳಿಸುವ ಅಗತ್ಯ ಇರುವುದಿಲ್ಲ.